ಮಕ್ಕಳ ಮಾತು ಕೇಳಲು ಒಬ್ಬರಿಗೆ ಸಂಬಳ ಕೊಡಿ

2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಸಂತೋಷವೇ. ಪ್ರತಿ ವರ್ಷ ಫಲಿತಾಂಶ ಬಂದಾಗ ನಾವು ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲೂ ಬ್ರಹ್ಮಾವರ, ಬೈಂದೂರು ಪೇಟೆಗಳಲ್ಲೂ ರ‍್ಯಾಂಕ್ ಪಡೆದ ಮಕ್ಕಳ ಫ್ಲೆಕ್ಸ್ ಕಟ್ಟುತ್ತೇವೆ. ಅದರಲ್ಲಿ ಮುಖ ಬಾರದ ಮಕ್ಕಳು ಆಮೇಲೆ ಹೇಗಿದ್ದಾರೆ ಎಂದು ವಿಚಾರಿಸಿದವರೆಷ್ಟು ಮಂದಿ?

ಅವರು ನಮ್ಮೂರ ಡಿಗ್ರಿ ಕಾಲೇಜುಗಳಲ್ಲೇ ಇದ್ದಾರೆ. ಅಪ್ಪ ಬೆಂಗಳೂರಿನ ಹೋಟೆಲಿನಲ್ಲಿ, ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ. ಅಮಾಸೆಬೈಲಿನಿಂದಲೋ ಗಂಗೊಳ್ಳಿಯಿಂದಲೋ ಬೆಳಿಗ್ಗೆ ಬಸ್ಸು ಹಿಡಿದು ಬರುವ ಹುಡುಗಿ ರಾತ್ರಿ ನಿದ್ದೆಯಿಲ್ಲ ಎಂದರೆ ಮನೆಯಲ್ಲಿ ಬರುವ ಮಾತು ಒಂದೇ: "ನಿಂಗ್ ಎಂತ ಕಮ್ಮಿ ಆಯ್ತ್?" ಇನ್ನೂ ಹೆಚ್ಚಾದರೆ ಹರಕೆ, ಪ್ರಶ್ನೆ, ಪಾತ್ರಿಯ ಅಭಯ. ಅದನ್ನು ನಾನು ಹೀಗಳೆಯುವುದಿಲ್ಲ. ಅಲ್ಲಿ ಕನಿಷ್ಠ ಯಾರೋ ಒಬ್ಬರು ಕಷ್ಟ ಕೇಳುತ್ತಾರೆ. ಕಾಲೇಜಿನಲ್ಲಿ ಕೇಳುವವರು ಯಾರು?

ಮೆಂಟರ್ ಇದ್ದಾರಲ್ಲ ಎನ್ನುತ್ತಾರೆ. ಇಂಟರ್ನಲ್ ಮಾರ್ಕ್ಸ್ ಹಾಕುವ ಕೈಯೇ ಮೆಂಟರ್ ಆದರೆ ಯಾವ ಮಗು ಬಾಯಿ ಬಿಟ್ಟೀತು? ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅರ್ಧ ಪಾಠ ನಡೆಸುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ತಮ್ಮ ಕೆಲಸ ಉಳಿದೀತೇ ಎಂಬುದೇ ಗೊತ್ತಿರುವುದಿಲ್ಲ. ಅವರ ಹೆಗಲಿಗೆ ಇದನ್ನೂ ಹೇರುವುದು ಅನ್ಯಾಯ.

2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಬರೆದಿಟ್ಟಿದೆ. ಕಾನೂನು ಇಲ್ಲದೆ ಹೀಗಾಗುತ್ತಿಲ್ಲ. ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಹಕ್ಕು ಎಂದು 2017ರ ಕಾಯ್ದೆಯೇ ಹೇಳಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಆದೇಶಿಸಿತು: ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆಯಲ್ಲಿ, ಅದು ಸರ್ಕಾರಿಯಿರಲಿ ಖಾಸಗಿಯಿರಲಿ, ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ವ್ಯವಸ್ಥೆ ಮಾಡಿಕೊಳ್ಳಬೇಕು. ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಉಸ್ತುವಾರಿ ಸಮಿತಿಯೂ ಇರಬೇಕು. ಶಾಸನವಾಗುವ ತನಕ ಈ ಆದೇಶವೇ ಕಾನೂನು.

ಮಾನಸಿಕ ಆರೋಗ್ಯ ಸೇವೆಯನ್ನು ಜನರ ಬಳಿಗೆ ಒಯ್ಯುವುದು ಕರ್ನಾಟಕಕ್ಕೆ ಹೊಸದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಮನೋಚೈತನ್ಯದ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರನ್ನು ತಾಲೂಕು ಆಸ್ಪತ್ರೆಗೆ ಕಳಿಸುವ ಯೋಜನೆಯೂ ನಮ್ಮದೇ. ಆದರೆ ಮಂಗಳವಾರ ಎಂದರೆ ಕಾಲೇಜಿನ ದಿನ. ಶೇ. 75 ಹಾಜರಿ ಬೇಕೆನ್ನುವಲ್ಲಿ ರಜೆ ಚೀಟಿಗೆ ಏನೆಂದು ಬರೆಯಬೇಕು? ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಹಿಂದೆ ನೆರೆಮನೆಯ ಅಕ್ಕ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಸಹಾಯವೇ ಮಗುವಿದ್ದಲ್ಲಿಗೆ ಬರಬೇಕು, ಕಾಲೇಜಿನ ಒಳಗೇ, ಬಾಗಿಲಿರುವ ಒಂದು ಕೋಣೆಗೆ.

ಆದ್ದರಿಂದ ಸರ್ಕಾರದ ಮುಂದೆ ಒಂದೇ ಬೇಡಿಕೆ ಇಡೋಣ. ಸರ್ಕಾರಿ ಕಾಲೇಜುಗಳಿಗೆ ಮಂಜೂರಾದ ಹುದ್ದೆ ಬೇಕು, ಗೌರವಧನದ ಗುತ್ತಿಗೆ ಬೇಡ. ಸಣ್ಣ ಕಾಲೇಜುಗಳು ಎರಡು ಮೂರು ಸೇರಿ ಒಬ್ಬರನ್ನು ಹಂಚಿಕೊಳ್ಳಲಿ. ಯಾವ ದಿನ ಎಲ್ಲಿರುತ್ತಾರೆ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಲಿ. ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದಾದ ಟೆಲಿ ಮಾನಸ್ ಸಂಖ್ಯೆ 14416 ಕೂಡ ಅದೇ ಬೋರ್ಡಿನಲ್ಲಿರಲಿ. ಆದರೆ ಸಂಖ್ಯೆ ಬರೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಯಾರೂ ತಿಳಿಯಬೇಡಿ.

ಖಾಸಗಿ ಆಡಳಿತ ಮಂಡಳಿಗಳೇ, ನಿಮಗೂ ಒಂದು ಮಾತು. ಬ್ರಹ್ಮಕಲಶೋತ್ಸವ ಎಂದರೆ ಇದೇ ನಾವು ಹತ್ತೂರು ಸೇರಿ, ಹೊರೆಕಾಣಿಕೆ ಮೆರವಣಿಗೆ ಮಾಡಿ, ಪೈಸೆಗೆ ಪೈಸೆ ಲೆಕ್ಕ ಒಪ್ಪಿಸುತ್ತೇವೆ. ಒಬ್ಬ ಕೌನ್ಸೆಲರ್‌ನ ಸಂಬಳದ ವಿಷಯ ಬಂದಾಗ ಮಾತ್ರ ನಮ್ಮಲ್ಲಿ ದುಡ್ಡಿಲ್ಲ ಎಂದರೆ ನಂಬುವುದು ಕಷ್ಟ.

ತಂದೆತಾಯಂದಿರೇ, ಮುಂದಿನ ಪೋಷಕರ ಸಭೆಯಲ್ಲಿ ಪರ್ಸೆಂಟೇಜ್ ಕೇಳುವ ಮೊದಲು ಎದ್ದು ನಿಂತು ಕೇಳಿ: ಈ ಕಾಲೇಜಿನ ಆಪ್ತಸಮಾಲೋಚಕರು ಯಾರು? ವಾರಕ್ಕೆ ಎಷ್ಟು ದಿನ ಇರುತ್ತಾರೆ? ಅವರಿಗೆ ಸಂಬಳ ಕೊಡುವವರು ಯಾರು? ಉತ್ತರ ಬರವಣಿಗೆಯಲ್ಲಿ ಬೇಕೆನ್ನಿ. ಸಿಗದಿದ್ದರೆ ಅದೇ ಪ್ರಶ್ನೆಗಳನ್ನು ಕಾಗದಕ್ಕಿಳಿಸಿ, ನಾಲ್ಕು ಜನ ಸಹಿ ಹಾಕಿ, ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಕೊಂಡುಹೋಗಿ. ಸ್ವೀಕೃತಿಯ ಮುದ್ರೆ ಬೀಳುವ ತನಕ ಅಲ್ಲಿಂದ ಏಳಬೇಡಿ.