ಗುಂಡಿನ ದಪ್ಪ ನೋಡಿ ಪಿಸ್ತೂಲು ಆರಿಸಬೇಕೆ?

ಕಳೆದ ಶತಮಾನದ ಪಿಸ್ತೂಲುಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಎದ್ದಾಗಲೆಲ್ಲ ಎರಡು ಹೆಸರುಗಳು ಎದುರುಬದುರಾಗುತ್ತವೆ. ಒಂದು, ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿದ ಕೋಲ್ಟ್ ಎಂ1911. ಇನ್ನೊಂದು, ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಿಂದ 1935ರಲ್ಲಿ ಬಂದ ಬ್ರೌನಿಂಗ್ ಹೈ-ಪವರ್. ಎರಡರ ಮೂಲವೂ ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಅಮೆರಿಕದ ಒಬ್ಬನೇ ಕುಶಲಕರ್ಮಿ. ಮೊದಲನೆಯದು ದಪ್ಪನೆಯ .45 ಗುಂಡಿನದು, ಅದರ ಮ್ಯಾಗಜೀನ್ ಹಿಡಿಯುವುದು ಏಳು ಗುಂಡು. ಎರಡನೆಯದು 9 ಎಂಎಂ, ಹಿಡಿಯುವುದು ಹದಿಮೂರು. ಈ ಚರ್ಚೆ ನಮಗೆ ತೀರಾ ದೂರದ್ದೇನಲ್ಲ. ಪಶ್ಚಿಮ ಬಂಗಾಳದ ಇಚಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾಗಿ, ನಮ್ಮ ಸೇನಾಧಿಕಾರಿಗಳ ಮತ್ತು ಪೊಲೀಸರ ಸೊಂಟದಲ್ಲಿ ದಶಕಗಳಿಂದ ಇರುವ 9 ಎಂಎಂ 1ಎ ಪಿಸ್ತೂಲು ಹೈ-ಪವರ್‌ನದೇ ಭಾರತೀಯ ರೂಪ. ಒಂದು ಸೇನೆಗೋ ಪೊಲೀಸ್ ಪಡೆಗೋ ಈ ಎರಡರಲ್ಲಿ ಒಂದನ್ನು ಕೊಡಬೇಕಾದರೆ ಹೈ-ಪವರ್ ಕೊಡುವುದೇ ಸರಿ ಎಂಬುದು ನನ್ನ ವಾದ. ಅದಕ್ಕೆ ಕಾರಣ ಯಂತ್ರದ ಚಮತ್ಕಾರವಲ್ಲ. ಆಯುಧವನ್ನು ಅಳೆಯಬೇಕಾದದ್ದು ಗುಂಡಿನ ದಪ್ಪದಿಂದಲ್ಲ, ಅದನ್ನು ಹಿಡಿಯುವ ಸಾಮಾನ್ಯ ಕೈಯಿಂದ.

1911 ಪಿಸ್ತೂಲಿನ ಪರವಾದ ವಾದ ಹುಟ್ಟಿದ್ದು ಫಿಲಿಪ್ಪೀನ್ಸ್‌ನ ಕಾಡುಗಳಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಮೋರೊ ಹೋರಾಟಗಾರರು ಅಮೆರಿಕದ ಸೈನಿಕರ .38 ರಿವಾಲ್ವರಿನ ಗುಂಡು ತಿಂದರೂ ಕತ್ತಿ ಹಿಡಿದು ಮುನ್ನುಗ್ಗುತ್ತಿದ್ದರು ಎಂಬ ದೂರುಗಳು ವಾಷಿಂಗ್ಟನ್ ತಲುಪಿದವು. ಅದರ ಬೆನ್ನಿಗೇ 1904ರಲ್ಲಿ ಸೇನಾಧಿಕಾರಿ ಜಾನ್ ಥಾಂಪ್ಸನ್ ಮತ್ತು ಸೇನಾ ವೈದ್ಯ ಲೂಯಿ ಲಗಾರ್ಡ್ ಅವರು ಶಿಕಾಗೊದ ಕಸಾಯಿಖಾನೆಯಲ್ಲಿ ಜಾನುವಾರುಗಳ ಮೇಲೂ, ಜೊತೆಗೆ ಮಾನವ ಶವಗಳ ಮೇಲೂ ಬೇರೆ ಬೇರೆ ಅಳತೆಯ ಗುಂಡುಗಳನ್ನು ಪರೀಕ್ಷಿಸಿದರು. ಸೇನೆಯ ಪಿಸ್ತೂಲು .45ಕ್ಕಿಂತ ಸಣ್ಣದಿರಕೂಡದು ಎಂದು ಅವರು ವರದಿ ಕೊಟ್ಟರು. ಮುಂದೆ ನಡೆದ ಸ್ಪರ್ಧೆಯಲ್ಲಿ ಕೊನೆಗೆ ಉಳಿದವು ಕೋಲ್ಟ್ ಮತ್ತು ಸ್ಯಾವೇಜ್ ಕಂಪನಿಗಳ ಪಿಸ್ತೂಲುಗಳು. 1911ರ ಮಾರ್ಚ್‌ನಲ್ಲಿ ಒಂದೊಂದರಿಂದಲೂ 6000 ಗುಂಡು ಹಾರಿಸಿ ನೋಡಿದಾಗ ಸ್ಯಾವೇಜ್ ಹಲವು ಸಲ ತೊಡರಿತು, ಕೋಲ್ಟ್ ಒಮ್ಮೆಯೂ ತೊಡರಲಿಲ್ಲ. ಅದೇ ತಿಂಗಳ 29ರಂದು ಸೇನೆ ಅದನ್ನು ಒಪ್ಪಿಕೊಂಡಿತು. ಅದು ಗಟ್ಟಿಮುಟ್ಟಾದ, ನಂಬಿಕಸ್ಥ ಯಂತ್ರ ಎಂಬುದರಲ್ಲಿ ಅನುಮಾನವಿಲ್ಲ. ತಕರಾರು ಇರುವುದು ಅದರ ಹಿಂದಿರುವ ನಂಬಿಕೆಯ ಬಗ್ಗೆ, ಅಂದರೆ ಗುಂಡು ದಪ್ಪವಾದಷ್ಟೂ ಎದುರಾಳಿ ಬೇಗ ಬೀಳುತ್ತಾನೆ ಎಂಬುದರ ಬಗ್ಗೆ.

ಅಂಕಿಗಳು ಈ ನಂಬಿಕೆಯನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ. ಸೇನೆಯ .45 ಗುಂಡು ಸುಮಾರು 15 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 255 ಮೀಟರ್ ವೇಗದಲ್ಲಿ ಹೋಗುತ್ತದೆ. 9 ಎಂಎಂ ಗುಂಡಿನ ತೂಕ ಅದರ ಅರ್ಧ, ಸುಮಾರು 8 ಗ್ರಾಂ. ಆದರೆ ವೇಗ 350 ಮೀಟರ್ ಮೀರುತ್ತದೆ. ಲೆಕ್ಕ ಹಾಕಿದರೆ ಎರಡೂ ಹೊತ್ತೊಯ್ಯುವ ಶಕ್ತಿ ಹೆಚ್ಚುಕಡಿಮೆ 500 ಜೂಲ್. ವ್ಯಾಸದಲ್ಲಿ ಇರುವ ವ್ಯತ್ಯಾಸ ಎರಡೂವರೆ ಮಿಲಿಮೀಟರ್. ಶಿಕಾಗೊದ ಪರೀಕ್ಷೆಯಲ್ಲಿ ಬಳಸಿದ ಜಾನುವಾರುಗಳ ಸಂಖ್ಯೆ ಸಣ್ಣದು, ಗುಂಡು ತಗುಲಿದ ಜಾಗಗಳೂ ಒಂದೇ ಆಗಿರಲಿಲ್ಲ. ಅಂಥ ಪರೀಕ್ಷೆಯಿಂದ ಅಷ್ಟು ಖಚಿತವಾದ ತೀರ್ಮಾನ ತೆಗೆಯುವುದು ಇಂದಿನ ಯಾವ ಪ್ರಯೋಗಾಲಯದಲ್ಲೂ ನಡೆಯದು. ಹಲವು ದಶಕಗಳ ನಂತರ ಇದೇ ದಾರಿಯಲ್ಲಿ ಇನ್ನೊಮ್ಮೆ ನಡೆದು ವಾಪಸು ಬಂದದ್ದು ಅಮೆರಿಕದ ಎಫ್‌ಬಿಐ. 1986ರ ಏಪ್ರಿಲ್‌ನಲ್ಲಿ ಮಿಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅದರ ಇಬ್ಬರು ಏಜೆಂಟರು ಸತ್ತಾಗ ದೂಷಣೆ 9 ಎಂಎಂ ಗುಂಡಿನ ಮೇಲೆ ಬಿತ್ತು. ಸಂಸ್ಥೆ ಬಲಿಷ್ಠವಾದ 10 ಎಂಎಂಗೆ ಹೋಯಿತು, ಅದರ ಒದೆತ ತಾಳದೆ .40ಕ್ಕೆ ಇಳಿಯಿತು, ಕೊನೆಗೆ 2014ರಲ್ಲಿ ಅದರ ತರಬೇತಿ ವಿಭಾಗವೇ 9 ಎಂಎಂಗೆ ಮರಳಬೇಕೆಂದು ವಾದಿಸಿತು. ಒಳ್ಳೆಯ ಗುಂಡನ್ನು ಆರಿಸಿದರೆ ಪೊಲೀಸ್ ಪಿಸ್ತೂಲುಗಳ ಗಾಯಗಳಲ್ಲಿ ಗಣನೀಯ ವ್ಯತ್ಯಾಸ ಕಾಣದು. ಕಡಿಮೆ ಒದೆಯುವ ಪಿಸ್ತೂಲಿನಿಂದ ಬಹುತೇಕರು ಹೆಚ್ಚು ವೇಗವಾಗಿ, ಹೆಚ್ಚು ನಿಖರವಾಗಿ ಹೊಡೆಯುತ್ತಾರೆ ಎಂಬುದು ಆ ವಾದದ ತಿರುಳು.

ಒದೆತದ ವಿಷಯವೇ ಇಲ್ಲಿ ನಿರ್ಣಾಯಕ. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿದರೆ ಕೈಗೆ ಬೀಳುವ ಪೆಟ್ಟಿನ ಅಂದಾಜು ಸಿಗುತ್ತದೆ. 9 ಎಂಎಂನಲ್ಲಿ ಅದು ಸುಮಾರು ಕಾಲು ಭಾಗ ಕಡಿಮೆ. ಪಳಗಿದವರಿಗೆ ಈ ವ್ಯತ್ಯಾಸ ದೊಡ್ಡದಲ್ಲ. ಆದರೆ ಸೇನೆಯಲ್ಲಾಗಲಿ ಠಾಣೆಯಲ್ಲಾಗಲಿ ಪಿಸ್ತೂಲು ಸಿಗುವುದು ಪಳಗಿದವರಿಗೆ ಮಾತ್ರವಲ್ಲ. ವೈದ್ಯಾಧಿಕಾರಿ, ಟ್ಯಾಂಕ್ ಚಾಲಕ, ಸಿಗ್ನಲ್ ವಿಭಾಗದವನು, ವರ್ಷಕ್ಕೆ ಬೆರಳೆಣಿಕೆಯಷ್ಟು ಗುಂಡು ಹಾರಿಸುವ ಸಬ್‌ಇನ್‌ಸ್ಪೆಕ್ಟರ್, ಎಲ್ಲರಿಗೂ ಅದೇ ಪಿಸ್ತೂಲು. ಬ್ರಿಟಿಷ್ ಸೇನೆ ಇದನ್ನು ಮೊದಲನೆಯ ಮಹಾಯುದ್ಧದಲ್ಲೇ ಕಂಡುಕೊಂಡಿತ್ತು. ಅದರ ಭಾರಿ .455 ವೆಬ್ಲಿ ರಿವಾಲ್ವರ್ ಹೊಸಬರಿಗೆ ಕಲಿಸಲು ಕಷ್ಟ ಎಂದು ಮನಗಂಡು 1932ರಲ್ಲಿ ಹಗುರವಾದ .38 ಎನ್‌ಫೀಲ್ಡ್‌ಗೆ ಇಳಿಯಿತು. ಅಮೆರಿಕದವರು ಕೂಡ 1920ರ ದಶಕದಲ್ಲಿ ತಮ್ಮ ಮೆಚ್ಚಿನ ಪಿಸ್ತೂಲನ್ನು ಸಣ್ಣ ಕೈಗಳಿಗೆ ಒಗ್ಗಿಸಬೇಕಾಯಿತು: ಟ್ರಿಗರ್ ಗಿಡ್ಡವಾಯಿತು, ಬೆರಳು ಸರಿಯಾಗಿ ಕೂರಲೆಂದು ಚೌಕಟ್ಟಿನಲ್ಲಿ ತಗ್ಗು ಕೊರೆಯಲಾಯಿತು, ಹಿಡಿಯ ಬೆನ್ನು ಉಬ್ಬಿತು. ಹೀಗೆ ಹುಟ್ಟಿದ್ದೇ 1911ಎ1. ಅತ್ಯುತ್ತಮ ಎನಿಸಿದ್ದ ಆಯುಧವನ್ನೂ ಬಳಸುವವರ ಕೈಗೆ ತಕ್ಕಂತೆ ತಿದ್ದಬೇಕಾಯಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹೈ-ಪವರ್‌ನ ಎರಡನೆಯ ಬಲ ಅದರ ಮ್ಯಾಗಜೀನ್. ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ ತೀರಿಕೊಂಡಾಗ ಈ ಪಿಸ್ತೂಲಿನ ಕೆಲಸ ಅರ್ಧದಲ್ಲಿತ್ತು. ಅದನ್ನು ಮುಗಿಸಿದವನು ಎಫ್‌ಎನ್‌ನ ಡಿಯೊಡೊನೆ ಸೈವ್. ಗುಂಡುಗಳನ್ನು ಒಂದೇ ಸಾಲಿನಲ್ಲಿ ಪೇರಿಸುವ ಬದಲು ಎರಡು ಸಾಲಿನಲ್ಲಿ ಒಂದರ ಸಂದಿಗೆ ಇನ್ನೊಂದು ಬರುವಂತೆ ಕೂರಿಸಿದ್ದರಿಂದ ಹಿಡಿ ಹೆಚ್ಚು ದಪ್ಪವಾಗದೆಯೇ ಹದಿಮೂರು ಗುಂಡು ಹಿಡಿಯಿತು. ಇದು ಬರೀ ಸಂಖ್ಯೆಯ ಆಟವಲ್ಲ. ಅಮೆರಿಕದ ರ್ಯಾಂಡ್ ಸಂಶೋಧನಾ ಸಂಸ್ಥೆ 2008ರಲ್ಲಿ ನ್ಯೂಯಾರ್ಕ್ ಪೊಲೀಸರ ದಾಖಲೆಗಳನ್ನು ಪರಿಶೀಲಿಸಿತು. 1998ರಿಂದ 2006ರವರೆಗೆ ಎರಡೂ ಕಡೆಯಿಂದ ಗುಂಡು ಹಾರಿದ ಪ್ರಕರಣಗಳಲ್ಲಿ ಪೊಲೀಸರ ಗುಂಡುಗಳು ಗುರಿ ಮುಟ್ಟಿದ್ದು ಸರಾಸರಿ ಶೇ 18 ಮಾತ್ರ. ತರಬೇತಿ ಪಡೆದ ನಗರ ಪೊಲೀಸರ ಸ್ಥಿತಿಯೇ ಹೀಗಿದ್ದರೆ, ಏಳು ಗುಂಡಿನಲ್ಲಿ ಎಷ್ಟು ತಗುಲೀತು, ಹದಿಮೂರರಲ್ಲಿ ಎಷ್ಟು ಎಂಬುದು ಓದುಗರೇ ಮಾಡಬಹುದಾದ ಲೆಕ್ಕ. ತಪ್ಪಿದ ಗುಂಡುಗಳು ದಾರಿಹೋಕರಿಗೆ ಅಪಾಯ ಎಂಬುದೂ ನಿಜ. ಆದರೆ ಅದಕ್ಕೆ ಮದ್ದು ಗುಂಡು ಕಡಿಮೆ ಕೊಡುವುದಲ್ಲ, ಹಿಡಿತಕ್ಕೆ ಸಿಗುವ ಪಿಸ್ತೂಲು ಕೊಟ್ಟು ಹೆಚ್ಚು ಅಭ್ಯಾಸ ಮಾಡಿಸುವುದು.

ಇದಕ್ಕೆ ಬರುವ ಮೊದಲ ಆಕ್ಷೇಪ ಇತಿಹಾಸದ್ದು. ಎರಡು ಮಹಾಯುದ್ಧಗಳು, ಕೊರಿಯಾ, ವಿಯೆಟ್ನಾಂ ಎಲ್ಲವನ್ನೂ 1911 ಕಂಡಿದೆ. 74 ವರ್ಷ ಒಂದು ಮಹಾಶಕ್ತಿಯ ಅಧಿಕೃತ ಪಿಸ್ತೂಲಾಗಿತ್ತು. ಬೆರಳಚ್ಚು ಯಂತ್ರಗಳಿಗೆ ಹೆಸರಾದ ರೆಮಿಂಗ್ಟನ್ ರ್ಯಾಂಡ್ ಕಂಪನಿ ಕೂಡ ಎರಡನೆಯ ಮಹಾಯುದ್ಧದಲ್ಲಿ ಅದನ್ನು ಲಕ್ಷಗಟ್ಟಲೆ ತಯಾರಿಸಿತು. ಇದನ್ನು ಒಪ್ಪಲೇಬೇಕು. ಆದರೆ ಅಮೆರಿಕಕ್ಕೆ ಅದು ಒಗ್ಗಿದ್ದಕ್ಕೆ ಬೇರೊಂದು ಕಾರಣವೂ ಇತ್ತು: ಅದರ ಥಾಂಪ್ಸನ್ ಸಬ್‌ಮಷಿನ್ ಗನ್ನಿಗೂ ಬೇಕಿದ್ದದ್ದು ಅದೇ .45 ತೋಟಾ. ಅದೇ ತರ್ಕ ಉಳಿದ ದೇಶಗಳಲ್ಲಿ 9 ಎಂಎಂ ಕಡೆಗೆ ವಾಲಿತು. ಬ್ರಿಟನ್ನಿನ ಸ್ಟೆನ್, ಸ್ಟರ್ಲಿಂಗ್‌ಗಳು, ನಮ್ಮ ಕಾನ್ಪುರದಲ್ಲಿ ತಯಾರಾದ ಕಾರ್ಬೈನ್, ಎಲ್ಲವೂ 9 ಎಂಎಂ. ಎರಡನೆಯ ಮಹಾಯುದ್ಧದಲ್ಲಿ ಹೈ-ಪವರ್ ಎರಡೂ ಬಣಗಳ ಕೈಯಲ್ಲಿತ್ತು: ಎಫ್‌ಎನ್ ಕಾರ್ಖಾನೆ ಹಿಡಿದ ಜರ್ಮನರು ಅಲ್ಲಿ ತಯಾರಿಸಿಕೊಂಡರು, ಮಿತ್ರರಾಷ್ಟ್ರಗಳಿಗಾಗಿ ಕೆನಡಾದ ಇಂಗ್ಲಿಸ್ ಕಂಪನಿ ಟೊರಾಂಟೊದಲ್ಲಿ ತಯಾರಿಸಿತು. ಮುಂದೆ 50ಕ್ಕೂ ಹೆಚ್ಚು ದೇಶಗಳ ಪಡೆಗಳು ಅದನ್ನು ಬಳಸಿದವು. ಕೊನೆಗೆ 1985ರಲ್ಲಿ ಅಮೆರಿಕವೇ 1911ನ್ನು ಬಿಟ್ಟು ಬೆರೆಟಾ ಆರಿಸಿತು. ಅದರಲ್ಲಿದ್ದದ್ದು 9 ಎಂಎಂ ಗುಂಡು, ಎರಡು ಸಾಲಿನ ಮ್ಯಾಗಜೀನ್, ಹದಿನೈದು ತೋಟಾ. ಹೆಸರು ಬೇರೆಯಾದರೂ ಅರ್ಧ ಶತಮಾನದ ಹಿಂದೆ ಸೈವ್ ಆರಿಸಿಕೊಂಡ ದಾರಿಯನ್ನೇ ಅಮೆರಿಕ ಹಿಡಿದಂತಾಯಿತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. 1911ರ ಟ್ರಿಗರ್ ನೇರವಾಗಿ ಹಿಂದಕ್ಕೆ ಸರಿಯುತ್ತದೆ, ನಯವಾಗಿ ಎಳೆಯುತ್ತದೆ. ಗುರಿಕಾರರು ಅದನ್ನು ಪ್ರೀತಿಸುವುದು ಅದಕ್ಕೇ. ಹೈ-ಪವರ್‌ನಲ್ಲಿ ಮ್ಯಾಗಜೀನ್ ತೆಗೆದರೆ ಗುಂಡು ಹಾರದಂತೆ ತಡೆಯುವ ಭಾಗವೊಂದಿದೆ, ಅದು ಟ್ರಿಗರ್ ಎಳೆತವನ್ನು ಕೆಡಿಸುತ್ತದೆ. ಹಳೆಯ ಮಾದರಿಗಳ ಸೇಫ್ಟಿ ತೀರಾ ಸಣ್ಣದು, ಹೆಬ್ಬೆರಳಿಗೆ ಸರಿಯಾಗಿ ಸಿಗದು. ಕೆಲವರ ಅಂಗೈಯ ಚರ್ಮವನ್ನು ಅದರ ಹ್ಯಾಮರ್ ಕಚ್ಚುವುದೂ ಉಂಟು. ಅಮೆರಿಕದ ಮರೀನ್ ದಳದ ವಿಶೇಷ ಪಡೆಗಳು 2012ರಲ್ಲೂ ಕೋಲ್ಟ್‌ನಿಂದ ಹೊಸ 1911ಗಳನ್ನೇ ತರಿಸಿಕೊಂಡವು. ಈ ದೋಷಗಳು ಸುಳ್ಳಲ್ಲ. ಆದರೆ ಅವುಗಳಲ್ಲಿ ಸೇಫ್ಟಿಯಂಥದ್ದು ನಂತರದ ಮಾದರಿಗಳಲ್ಲಿ ಸರಿಹೋಯಿತು, ಉಳಿದವು ಕಾರ್ಖಾನೆಯಲ್ಲಿ ತಿದ್ದಬಹುದಾದಂಥವು. .45ರ ಒದೆತವನ್ನಾಗಲಿ ಏಳು ಗುಂಡಿನ ಮಿತಿಯನ್ನಾಗಲಿ ಪಿಸ್ತೂಲಿನ ಸ್ವರೂಪವನ್ನೇ ಬದಲಿಸದೆ ತಿದ್ದಲಾಗದು. ದಿನಕ್ಕೆ ನೂರಾರು ಗುಂಡು ಹಾರಿಸಿ ಅಭ್ಯಾಸ ಮಾಡುವ ಕಮಾಂಡೊಗೆ ಒಪ್ಪುವ ಆಯುಧ ಇಡೀ ಪಡೆಗೆ ಒಪ್ಪಬೇಕಿಲ್ಲ. ರೇಸ್ ಓಡಿಸುವವನಿಗೆ ಹಿತವಾದ ಕಾರನ್ನು ಊರಿನ ಟ್ಯಾಕ್ಸಿಯವರಿಗೆಲ್ಲ ಕೊಡಿಸುವುದಿಲ್ಲವಲ್ಲ.

ಎರಡೂ ಹಳತಾದವು, ಈಗ ಈ ಚರ್ಚೆ ಏತಕ್ಕೆ ಎಂದು ಕೇಳುವವರಿದ್ದಾರೆ. ಹೌದು, 1982ರಲ್ಲಿ ಆಸ್ಟ್ರಿಯಾದ ಸೇನೆ ಸ್ವೀಕರಿಸಿದ ಗ್ಲಾಕ್ 17 ಎರಡನ್ನೂ ಹಿಂದೆ ಹಾಕಿತು; ಬ್ರಿಟಿಷ್ ಸೇನೆ ಕೂಡ 2013ರಲ್ಲಿ ಹೈ-ಪವರ್ ಬಿಟ್ಟು ಅದಕ್ಕೇ ಹೋಯಿತು. ಗ್ಲಾಕ್ ಕೂಡ 9 ಎಂಎಂ, ಹದಿನೇಳು ಗುಂಡು ಹಿಡಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ. ಅದಿರಲಿ, ಆಯುಧಗಳು ಹಳತಾದರೂ ಅವುಗಳ ಸುತ್ತಲಿನ ವಾದ ಹಳತಾಗಿಲ್ಲ. ನಮ್ಮ ಸೇನೆ 5.56 ಎಂಎಂ ಇನ್ಸಾಸ್ ರೈಫಲ್‌ನಿಂದ ದಪ್ಪ ಗುಂಡಿಗೆ ಮರಳುವಾಗ, 2019ರಲ್ಲಿ 72,400 ಸಿಗ್ 716 ರೈಫಲ್‌ಗಳ ಖರೀದಿಗೆ ಒಪ್ಪಂದವಾದಾಗ, ಅಮೇಠಿಯ ಕೊರ್ವಾದಲ್ಲಿ ಎಕೆ-203 ತಯಾರಿಕೆ ನಿಗದಿಯಾದಾಗ ಕೇಳಿಬಂದದ್ದು ಇದೇ ಮಾತು: ಸಣ್ಣ ಗುಂಡು ಗಾಯ ಮಾಡುತ್ತದೆ, ದೊಡ್ಡದು ಕೊಲ್ಲುತ್ತದೆ. ರೈಫಲ್ ಬೇರೆ, ಪಿಸ್ತೂಲು ಬೇರೆ. ಗಡಿಯ ದೂರ, ಎತ್ತರಗಳು ದೊಡ್ಡ ಗುಂಡನ್ನು ಬೇಡಬಹುದು. ಆದರೂ ಯೋಧನ ಹೊರೆ, ಆತ ಹೊರಬಲ್ಲ ಗುಂಡುಗಳ ಸಂಖ್ಯೆ, ಅಭ್ಯಾಸಕ್ಕೆ ಸಿಗುವ ತೋಟಾ, ಎರಡನೆಯ ಗುಂಡು ಗುರಿಗೆ ಹೋಗುವ ಸಾಧ್ಯತೆ, ಇವನ್ನೆಲ್ಲ ಗುಂಡಿನ ದಪ್ಪದ ಪಕ್ಕದಲ್ಲೇ ಇಟ್ಟು ತೂಗಬೇಕು.

ಒಂದು ಮಾತು ಸ್ಪಷ್ಟಪಡಿಸುವುದು ಒಳ್ಳೆಯದು. ಇದು ಪಿಸ್ತೂಲು ಕೊಳ್ಳುವವರಿಗೆ ಸಲಹೆಯಲ್ಲ. ನಮ್ಮ ದೇಶದಲ್ಲಿ 9 ಎಂಎಂ ನಿಷೇಧಿತ ಬೋರ್, ಸಾಮಾನ್ಯ ನಾಗರಿಕರಿಗೆ ಅದರ ಪರವಾನಗಿ ಸಿಗುವುದಿಲ್ಲ. ಇಲ್ಲಿ ಆರಿಸುವವರು ಸರ್ಕಾರ, ಹಣ ಕೊಡುವವರು ನಾವು. ಹಾಗಾಗಿ ಕೇಳುವ ಹಕ್ಕೂ ನಮ್ಮದು. ಮುಂದಿನ ಸಲ ಸೇನೆಗೋ ಪೊಲೀಸರಿಗೋ ಹೊಸ ಆಯುಧ ಬರುತ್ತದೆ ಎಂಬ ಸುದ್ದಿ ಓದಿದಾಗ ಅದರ ಗುಂಡು ಎಷ್ಟು ದೊಡ್ಡದು ಎಂದು ಕೇಳುವ ಮುನ್ನ ಅದನ್ನು ಹಿಡಿಯುವವರಿಗೆ ವರ್ಷಕ್ಕೆ ಎಷ್ಟು ಗುಂಡಿನ ಅಭ್ಯಾಸ ಸಿಗುತ್ತದೆ ಎಂದು ಕೇಳಿ. 1911 ತನ್ನ ಕಾಲದ ಅತ್ಯುತ್ತಮ ಯಂತ್ರಗಳಲ್ಲೊಂದು, ನಿಜ. ಆದರೆ ಸಾವಿರಾರು ಸಾಮಾನ್ಯ ಕೈಗಳಿಗೆ ಹಂಚುವ ಪಿಸ್ತೂಲಾಗಿ ಹೈ-ಪವರ್ ಅದಕ್ಕಿಂತ ಒಳ್ಳೆಯ ಆಯ್ಕೆ.