ಉಲ್ಲೇಖಗಳ ಲೆಕ್ಕ ಮತ್ತು ಸತ್ಯದ ತೂಕ

ಒಬ್ಬ ವಿಜ್ಞಾನಿಯ ಯೋಗ್ಯತೆಯನ್ನು ಅಳೆಯುವುದು ಹೇಗೆ? ಆತನ ಬರಹವನ್ನು ಇತರ ಸಂಶೋಧಕರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆಂದು ಎಣಿಸಿದರೆ ಸಾಕು ಎಂಬ ನಂಬಿಕೆ ಇಂದು ವಿಶ್ವವಿದ್ಯಾಲಯಗಳಲ್ಲಿ ಬೇರೂರಿದೆ. 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಈ ಎಣಿಕೆಗೆ 'ಎಚ್-ಸೂಚ್ಯಂಕ' ಎಂಬ ಸುಲಭ ಸೂತ್ರವನ್ನೂ ಕೊಟ್ಟರು. ಒಬ್ಬರ 40 ಲೇಖನಗಳು ತಲಾ ಕನಿಷ್ಠ 40 ಬಾರಿ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ 40. ನೇಮಕಾತಿ, ಭಡ್ತಿ, ಅನುದಾನಗಳ ಹಿಂದೆ ಇಂತಹ ಅಂಕೆಗಳೇ ಕೆಲಸ ಮಾಡುತ್ತವೆ. ಆದರೆ ಈ ಅಂಕೆ ಸತ್ಯಕ್ಕೆ ಸಾಕ್ಷಿಯಾಗಬಲ್ಲುದೇ?

ನರವಿಜ್ಞಾನ ಕ್ಷೇತ್ರದ ಒಂದು ಘಟನೆ ಈ ಪ್ರಶ್ನೆಯನ್ನು ನಮ್ಮೆದುರು ತಂದಿಟ್ಟಿದೆ. 2006ರ ಮಾರ್ಚ್‌ನಲ್ಲಿ ಪ್ರತಿಷ್ಠಿತ 'ನೇಚರ್' ಪತ್ರಿಕೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡವೊಂದರ ಪ್ರಬಂಧ ಪ್ರಕಟವಾಯಿತು. ಮೊದಲ ಲೇಖಕ ಸಿಲ್ವಾನ್ ಲೆಸ್ನೆ, ಹಿರಿಯ ಲೇಖಕಿ ಕರೆನ್ ಆ್ಯಶ್. ಅಲ್‌ಝೈಮರ್ ರೋಗದ ಇಲಿಗಳ ಮೆದುಳಿನಿಂದ 'ಅಮಿಲಾಯ್ಡ್ ಬೀಟಾ ಸ್ಟಾರ್ 56' ಎಂಬ ಪ್ರೋಟೀನ್ ಗುಚ್ಛವನ್ನು ಬೇರ್ಪಡಿಸಿ ಆರೋಗ್ಯವಂತ ಎಳೆಯ ಇಲಿಗಳಿಗೆ ಚುಚ್ಚಿದಾಗ ಅವುಗಳ ಜ್ಞಾಪಕಶಕ್ತಿ ಕುಂದಿತು ಎಂಬುದು ಅದರ ಸಾರ. ಮರೆವಿನ ಮೂಲವೇ ಕೈಗೆ ಸಿಕ್ಕಿತೆಂಬ ಸಂಭ್ರಮ ಹಬ್ಬಿತು. ಆ ಪ್ರಬಂಧ ಸುಮಾರು 2,500 ಬಾರಿ ಉಲ್ಲೇಖಗೊಂಡಿತು. ಲೆಸ್ನೆಯವರು ಅದೇ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯದ ಮುಖ್ಯಸ್ಥರಾದರು.

ಆದರೆ ಆ ಗುಚ್ಛ ಇತರರ ಕೈಗೆ ಸಿಗಲಿಲ್ಲ. ಮಾನವ ಅಂಗಾಂಶಗಳಲ್ಲಿ ಅದು ತಮಗೆ ಕಾಣಲಿಲ್ಲವೆಂದು ಹಾರ್ವರ್ಡ್‌ನ ಹಿರಿಯ ಸಂಶೋಧಕ ಡೆನ್ನಿಸ್ ಸೆಲ್ಕೋ 2008ರಲ್ಲೇ ತಿಳಿಸಿದ್ದರು. ಉಲ್ಲೇಖಿಸುವವರು ಮಾತ್ರ ಉಲ್ಲೇಖಿಸುತ್ತಲೇ ಹೋದರು. ಕೊನೆಗೆ ಚಿತ್ರಗಳನ್ನು ಕಣ್ಣಿಟ್ಟು ನೋಡಿದವರು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ನರವೈದ್ಯ ಮ್ಯಾಥ್ಯೂ ಶ್ರಾಗ್. 2022ರ ಜುಲೈಯಲ್ಲಿ 'ಸೈನ್ಸ್' ಪತ್ರಿಕೆ ಅವರ ಸಂಶಯಗಳನ್ನು ವಿವರವಾಗಿ ಪ್ರಕಟಿಸಿತು. 2024ರ ಜೂನ್‌ನಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಚಿತ್ರಗಳನ್ನು ಕತ್ತರಿಸಿ ಜೋಡಿಸಿದ, ನಕಲು ಮಾಡಿದ, ಅಳಿಸಿದ ಕುರುಹುಗಳಿವೆಯೆಂದು ಹಿಂತೆಗೆತದ ಟಿಪ್ಪಣಿ ಹೇಳಿತು. ಲೆಸ್ನೆಯವರೊಬ್ಬರನ್ನು ಬಿಟ್ಟು ಉಳಿದೆಲ್ಲ ಲೇಖಕರು ಅದಕ್ಕೆ ಸಮ್ಮತಿಸಿದರು. ಪ್ರಬಂಧದ ತೀರ್ಮಾನ ಸರಿಯೆಂದೇ ವಾದಿಸುತ್ತಿದ್ದ ಆ್ಯಶ್ ಕೂಡ ಸಮ್ಮತಿಸಿದವರಲ್ಲಿದ್ದರು. 2025ರಲ್ಲಿ ಲೆಸ್ನೆಯವರು ವಿಶ್ವವಿದ್ಯಾಲಯದ ಹುದ್ದೆಯನ್ನು ತೊರೆದರು.

ತಪ್ಪು ಯಾರದೆಂಬ ತೀರ್ಪು ನಮ್ಮ ಕೆಲಸವಲ್ಲ. ನಮ್ಮ ಪ್ರಶ್ನೆ ಬೇರೆ. 2,500 ಉಲ್ಲೇಖಗಳಿದ್ದರೂ ಸಂಶಯ ಬಹಿರಂಗಗೊಳ್ಳಲು 16 ವರ್ಷಗಳೇಕೆ ಬೇಕಾದವು? ಉಲ್ಲೇಖವೆಂದರೆ ಪರಿಶೀಲನೆಯಲ್ಲ ಎಂಬುದೇ ಇದರ ಉತ್ತರ. ಒಬ್ಬರು ಬರೆದುದನ್ನು ಇನ್ನೊಬ್ಬರು, ಅವರದನ್ನು ಮತ್ತೊಬ್ಬರು ಎತ್ತಿಕೊಳ್ಳುತ್ತಾರೆ. ಮೂಲಕ್ಕೆ ಹೋಗಿ ನೋಡುವವರು ವಿರಳ. ಪ್ರಯೋಗ ಪುನರಾವರ್ತಿಸಿ ವಿಫಲರಾದವರು ತಮ್ಮ ಕೈಚಳಕವೇ ಸಾಲದೆಂದು ಸುಮ್ಮನಾಗುತ್ತಾರೆ. ವಿಫಲ ಪ್ರಯೋಗಗಳನ್ನು ಪ್ರಕಟಿಸಲು ಪತ್ರಿಕೆಗಳಿಗೂ ಉತ್ಸಾಹವಿಲ್ಲ. ಊರಿನಲ್ಲಿ ಗಾಳಿಸುದ್ದಿ ಹಬ್ಬುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹತ್ತು ಬಾಯಿಗಳಲ್ಲಿ ಕೇಳಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ.

ಹಾಗೆಂದು ಅಲ್‌ಝೈಮರ್ ಸಂಶೋಧನೆಯೇ ಮೋಸವೆಂದು ಸಾರುವುದು ಇನ್ನೊಂದು ಅತಿರೇಕ. ರೋಗಿಯ ಮೆದುಳಿನ ಕಲೆಗಳನ್ನು ಜರ್ಮನಿಯ ಆಲೋಯ್ಸ್ ಅಲ್‌ಝೈಮರ್ 1906ರಲ್ಲೇ ವಿವರಿಸಿದ್ದರು. ಅಮಿಲಾಯ್ಡ್ ಸಿದ್ಧಾಂತ ಈ ಒಂದು ಪ್ರಬಂಧದ ಮೇಲೆ ನಿಂತಿಲ್ಲ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ಪಡೆದ ಲೆಕಾನೆಮ್ಯಾಬ್ ಔಷಧ ರೋಗದ ಗತಿಯನ್ನು ತುಸು ನಿಧಾನಗೊಳಿಸುತ್ತದೆ, ಗುಣಪಡಿಸುವುದಿಲ್ಲ. ವಿಜ್ಞಾನದ ತಪ್ಪನ್ನು ಹೊರಗೆಳೆದುದೂ ವಿಜ್ಞಾನಿಗಳೇ ಎಂಬುದನ್ನು ಮರೆಯಬಾರದು.

ಇದು ಪಂಡಿತರ ಮನೆಜಗಳವಂತೂ ಅಲ್ಲ. ಭಾರತದಲ್ಲಿ ಅರುವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿ ಮರೆಗುಳಿ ಕಾಯಿಲೆಯಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಹೆತ್ತ ಮಗನನ್ನೇ 'ನೀನು ಯಾರು?' ಎಂದು ಕೇಳುವ ತಂದೆ, ಮಧ್ಯರಾತ್ರಿ ಬಾಗಿಲು ತೆರೆದು ತವರಿಗೆ ಹೊರಡುವ ತಾಯಿ, ನಿದ್ದೆಗೆಟ್ಟು ಅವರನ್ನು ಕಾಯುವ ಮಗಳು ಅಥವಾ ಸೊಸೆ ನಮ್ಮ ಓಣಿಗಳಲ್ಲೂ ಇದ್ದಾರೆ. ಮದ್ದು ಬಂದೀತೆಂದು ಅವರು ಕಾಯುತ್ತಿದ್ದಾರೆ. ಸಂಶೋಧನೆ ತಪ್ಪು ದಾರಿಯಲ್ಲಿ ಕಳೆದ ಪ್ರತಿಯೊಂದು ವರ್ಷವೂ ಈ ಕುಟುಂಬಗಳಿಗಾದ ನಷ್ಟವಲ್ಲವೇ?

ನಮ್ಮ ಉನ್ನತ ಶಿಕ್ಷಣವೂ ಈ ಅಂಕೆಯ ವ್ಯಾಮೋಹದಿಂದ ಹೊರತಲ್ಲ. ಭಡ್ತಿಗೆ ಪ್ರಬಂಧಗಳ ಅಂಕ ಕಡ್ಡಾಯವಾದಾಗ ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. 2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಡಬೇಕಾಗಿ ಬಂತು. ಅಂಕೆಯನ್ನೇ ಗುರಿಯಾಗಿಸಿದರೆ ಅಂಕೆ ಬೆಳೆಯುತ್ತದೆ, ಜ್ಞಾನ ಬೆಳೆಯಬೇಕೆಂದಿಲ್ಲ.

ಮಕ್ಕಳು ಸಂಶೋಧಕರಾಗಬೇಕೆಂದು ಕನಸು ಕಾಣುವ ಹೆತ್ತವರು ಇಂದು ನಮ್ಮ ಪಟ್ಟಣಗಳಲ್ಲಿ ಕಡಿಮೆಯಿಲ್ಲ. ಇದು ಸಂತೋಷದ ವಿಷಯ. ಆದರೆ ಮಗು ಪ್ರಯೋಗಶಾಲೆಯಿಂದ ಮರಳಿದಾಗ 'ಎಷ್ಟು ಅಂಕ ಬಂತು?' ಎಂದಷ್ಟೇ ಕೇಳುವ ಮನೆ, ಫಲಿತಾಂಶವನ್ನು ತಿದ್ದಿ ಬರೆಯಲು ಆ ಮಗುವಿಗೆ ಅರಿವಿಲ್ಲದೆಯೇ ಕಲಿಸುತ್ತಿರುತ್ತದೆ. 'ಪ್ರಯೋಗ ಕೈಕೊಟ್ಟಿತು' ಎಂದು ಮಗು ಅಂಜದೆ ಹೇಳುವ ವಾತಾವರಣ ಮೊದಲು ಮನೆಯಲ್ಲಿ, ಬಳಿಕ ಶಾಲೆಯಲ್ಲಿ ನಿರ್ಮಾಣವಾಗಬೇಕು. ವಿಶ್ವವಿದ್ಯಾಲಯಗಳನ್ನು ತಿದ್ದುವ ಕೆಲಸವೂ ಅಲ್ಲಿಂದಲೇ ಆರಂಭವಾಗಬೇಕಾಗಿದೆ.