ಮಾಸಿದ ಚೀಟಿ, ಮುಗಿಯದ ಮಾತ್ರೆ

ಬೆನ್ನುನೋವಿಗೆಂದು ಹತ್ತು ದಿನಕ್ಕೆ ಬರೆದುಕೊಟ್ಟ ಟ್ರಮಡಾಲ್ ಮಾತ್ರೆಯನ್ನು ಹತ್ತು ತಿಂಗಳು ನುಂಗಿದವರು ದಾಂಡೇಲಿ, ಹಳಿಯಾಳಗಳಲ್ಲಿ ಇಲ್ಲವೆಂದು ಯಾರಾದರೂ ಎದೆತಟ್ಟಿ ಹೇಳಬಲ್ಲರೇ?

ನಿಯಮಕ್ಕೇನೂ ಕೊರತೆಯಿಲ್ಲ. 2014ರಲ್ಲಿ ಜಾರಿಗೆ ಬಂದ ಎಚ್-1 ಪಟ್ಟಿಯಂತೆ, ಇಂತಹ ಔಷಧಿ ಮಾರುವವರು ರೋಗಿಯ ಹಾಗೂ ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕು. 2018ರಲ್ಲಿ ಟ್ರಮಡಾಲನ್ನು ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೂ ತರಲಾಯಿತು. ಮಾಸಿದ ಚೀಟಿಗೇ ಮಾತ್ರೆ ಸಿಗುವಲ್ಲಿ ಆ ಪುಸ್ತಕ ಯಾರಿಗಾಗಿ?

ಇನ್ನು ನಮ್ಮ ವರ್ತನೆಯೋ! ಮಾತ್ರೆ ತಪ್ಪಿದೊಡನೆ ಬೆವರು, ನಡುಕ, ನಿದ್ರಾಹೀನತೆಯಿಂದ ಬಳಲುವವರನ್ನು ನಶೆಗಾರರೆಂದು ಮೂದಲಿಸುತ್ತೇವೆ. ದೇಹವು ಔಷಧಿಗೆ ಒಗ್ಗಿಹೋಗುವುದು ಬೇರೆ, ಅಮಲಿಗಾಗಿ ಅದನ್ನು ಅರಸುವುದು ಬೇರೆ. ಮೂದಲಿಕೆಗೆ ಅಂಜಿ ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ವೈದ್ಯರ ನಿಗಾದಲ್ಲಿ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಬೇಕು. (ಕ್ಯಾನ್ಸರ್ ರೋಗಿ ನರಳುತ್ತಿದ್ದರೂ ಚಟವಾದೀತೆಂದು ಮಾರ್ಫಿನ್ ನಿರಾಕರಿಸುವ ಮನೆಯವರದೂ ಇದೇ ತಪ್ಪು ತಿಳಿವಳಿಕೆ.)

ಜೋಯಿಡಾದ ಕಾಡಿನೂರುಗಳಿಂದ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿಬರಲು ಒಂದು ದಿನದ ಕೂಲಿಯನ್ನೇ ಕಳೆದುಕೊಳ್ಳಬೇಕು. ಆದ್ದರಿಂದಲೇ ನಮ್ಮ ಬೇಡಿಕೆ: ಮುಂಡಗೋಡ ಸೇರಿದಂತೆ ಈ ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ದೀರ್ಘಕಾಲದ ನೋವಿನ ತಪಾಸಣೆಗೆ ವಾರಕ್ಕೊಂದು ದಿನ ಮೀಸಲಾಗಲಿ. ಔಷಧ ನಿಯಂತ್ರಣ ಅಧಿಕಾರಿಗಳು ಅಂಗಡಿಗಳಿಗೆ ಬಂದು ಆ ಪುಸ್ತಕವನ್ನೊಮ್ಮೆ ತೆರೆದು ನೋಡಲಿ.